ಕಾಶೆವ್ವ ಗಾಯಕ್ಕೆ ಜಾಗ ಹುಡುಕಿದ್ದು

೧೯೬೯ರ ಜನವರಿಯ ಒಂದು ಸೋಮವಾರ, ಬೆಳಗಿನ ಐದಕ್ಕೆ ಹತ್ತು ನಿಮಿಷವಿರುವಾಗ, ದಾಂಡೇಲಿಯ ಕಾಗದದ ಗಿರಣಿಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಕಾಶೆವ್ವ, ಕೊರಳ ಬುಡದ ಬಲ ಎಲುಬಿನ ಕೆಳಗೆ ಕಾಳೀ ಹೊಳೆಯ ಚಪ್ಪಟೆ ಕಲ್ಲೊಂದನ್ನು ಅರಿವೆಯಿಂದ ಬಿಗಿದು ಕಟ್ಟಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಲ್ಲಿನ ತೂಕ ಹದಿನೈದು ತೊಲ. ತನ್ನ ಮೈಯೊಳಗೆ ಇಡಲಿರುವ ಯಂತ್ರವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆಂದು ಮುಂಬಯಿಯ ಡಾಕ್ಟರು ಹೇಳಿದ್ದರಿಂದ, ಯಂತ್ರ ಹಡಗಿನಿಂದ ಇಳಿಯುವ ಮೊದಲೇ ಅವಳು ಅದರ ಭಾರವನ್ನು ಮೈಗೆ ಪರಿಚಯ ಮಾಡಿಸುತ್ತಿದ್ದಳು.

ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದವನು ಮೈದುನ ಉಳವಪ್ಪ. ಗಂಡ ತೀರಿಕೊಂಡ ಮೇಲೆ ಕಾಶೆವ್ವ ಈ ಮೈದುನನನ್ನು ಸಾಕಿ, ಧಾರವಾಡದಲ್ಲಿ ಬಿ.ಎಸ್ಸಿ. ಓದಿಸಿದ್ದಳು, ಈಗ ಅವನು ಗಿರಣಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಅಲ್ಲಿ ತಿರುಳನ್ನು ದಿನವೂ ಪರೀಕ್ಷೆಗೆ ಒಡ್ಡುವುದು ಅವನ ಉದ್ಯೋಗ. ಮನೆಯಲ್ಲಿ ಅತ್ತಿಗೆ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡದ್ದನ್ನು ನೋಡುವಾಗ ಅವನಿಗೆ ಹೆದರಿಕೆಯೂ ಬೆರಗೂ ಒಟ್ಟಿಗೇ ಆಗುತ್ತಿತ್ತು.

ಯಾವ ಮಾತಿಗೂ ಕಾಶೆವ್ವನ ಮೊದಲ ಉತ್ತರ "ನೋಡೂಣು" ಎಂಬುದು. ಲೋಕದಲ್ಲಿ ಈ ಮಾತು ಕೆಲಸವನ್ನು ಮುಂದೂಡುವವರಿಗೆ ಹುಟ್ಟಿದ್ದು. ಇವಳು ಮಾತ್ರ ಹಾಗೆಂದ ಮೇಲೆ ನಿಜವಾಗಿಯೂ ನೋಡುತ್ತಿದ್ದಳು. ಹಳಿಯಾಳದಿಂದ ಬಂದ ವ್ಯಾಪಾರಿಯೊಬ್ಬ ಅಲ್ಯುಮಿನಿಯಮ್ ಪಾತ್ರೆಗಳ ಗುಣಗಾನ ಮಾಡಿದಾಗ, ಅವುಗಳಲ್ಲೊಂದರಲ್ಲಿ ಹುಣಸೆಹಣ್ಣು ಹಾಕಿ ಸಂಜೆಯವರೆಗೆ ಕುದಿಸಿ, ತಳ ಕಪ್ಪಾದದ್ದನ್ನು ತೋರಿಸಿ, ಅವನಿಗೇ ಊಟ ಬಡಿಸಿ ಕಳಿಸಿದ್ದಳು. ಉಣ್ಣುವವರ ಎರಡು ಸಾಲುಗಳ ನಡುವೆ ವರ್ಷಾನುಗಟ್ಟಲೆ ಓಡಾಡಿ, ಬಯಲಿನಲ್ಲಿಯೂ ಒಂದು ಭುಜ ಮುಂದೆ ಮಾಡಿಯೇ ನಡೆಯುವಳು. ಚಳಿಗಾಲದ ಬೆಳಗುಗಳಲ್ಲಿ ಇಳಕಲ್ಲ ಸೀರೆಯ ಮೇಲೆ ಗಂಡನ ಖಾಕಿ ಕೋಟು. ಅದರ ತೋಳು ಮೊಣಕೈಯವರೆಗೆ ಮಡಚಿ, ಹಿಟ್ಟು ಮೆತ್ತಿ ಬಿಳಿಚಿಕೊಂಡಿರುತ್ತಿತ್ತು.

ಅದರ ಹಿಂದಿನ ದೀಪಾವಳಿಯ ಹೊತ್ತಿಗೆ ಈ ಗಟ್ಟಿಗಿತ್ತಿ ಎರಡು ಸಲ ಮೂರ್ಛೆ ಹೋಗಿ ಬಿದ್ದಳು. ಎರಡನೆಯ ಸಲ ಒಲೆಯ ಬಾಯಿಗೇ ಬಿದ್ದು ಜಡೆಯ ತುದಿ ಸುಟ್ಟಿತು. ಉಳವಪ್ಪ ಓಡಿಬಂದು ನಾಡಿ ಹಿಡಿದು ಎಣಿಸಿದ: ನಿಮಿಷಕ್ಕೆ ಮೂವತ್ತೆರಡು. ಗಿರಣಿಯ ಡಾಕ್ಟರು ಧಾರವಾಡಕ್ಕೆ ಕಳಿಸಿದರು, ಧಾರವಾಡದವರು ಮುಂಬಯಿಗೆ. ಅಲ್ಲಿಯ ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಬೆಳಗಾವಿ ಕಡೆಯ ಹೆಣ್ಣುಮಗಳಾದ ಕಾಶೆವ್ವನಿಗೆ ಆ ಭಾಷೆ ಬರುತ್ತಿತ್ತು. ಹೃದಯದ ಮೇಲಿನ ಕೋಣೆಯಿಂದ ಹೊರಟ ಆಜ್ಞೆ ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲ. ಆ ಆಜ್ಞೆಯನ್ನು ಇನ್ನು ಬ್ಯಾಟರಿಯ ಡಬ್ಬಿಯೊಂದು ತಂತಿಯ ಮೂಲಕ ಕೊಡಬೇಕು. ಡಬ್ಬಿಯನ್ನಿಡಲು ದಾರಿ ಎರಡು. ಒಂದು ಚಿಕ್ಕ ಕೊಯ್ತ: ಕೊರಳ ಬಳಿಯ ರಕ್ತನಾಳದೊಳಗಿಂದ ತಂತಿ ಇಳಿಸಿ, ಡಬ್ಬಿಯನ್ನು ಅಲ್ಲೇ ಎಲುಬಿನ ಕೆಳಗೆ, ಎಡಕ್ಕೋ ಬಲಕ್ಕೋ ಇಡುವುದು. ಅಪಾಯ ಕಡಿಮೆ, ಆದರೆ ಆ ಬದಿಯ ಕೈಯನ್ನು ಮುಂದೆ ಜೋರಾಗಿ ಆಡಿಸುವಂತಿಲ್ಲ, ಎತ್ತರಿಸುವಂತಿಲ್ಲ, ತಂತಿ ತುಂಡಾದೀತು. ಇನ್ನೊಂದು ದೊಡ್ಡ ಕೊಯ್ತ: ಪಕ್ಕೆಲುಬುಗಳ ನಡುವೆ ಎದೆ ತೆರೆದು ತಂತಿಯನ್ನು ಹೃದಯಕ್ಕೇ ಹೊಲಿದು, ಡಬ್ಬಿಯನ್ನು ಹೊಟ್ಟೆಯ ಚರ್ಮದ ಕೆಳಗೆ ಇಡುವುದು. ಕೈಗಳೆರಡಕ್ಕೂ ತಡೆಯಿಲ್ಲ, ಆದರೆ ಜೀವಕ್ಕೆ ಅಪಾಯ ಹೆಚ್ಚು.

"ನೋಡೂಣು" ಎಂದಳು ಕಾಶೆವ್ವ. ಪರದೇಶದಿಂದ ಯಂತ್ರ ಬರಲು ಎರಡು ತಿಂಗಳು ಬೇಕಿತ್ತು. ನಾಲಿಗೆಯ ಕೆಳಗಿಡುವ ಗುಳಿಗೆ ಕೊಟ್ಟು, ಒಲೆಯ ಹತ್ತಿರ ಒಬ್ಬಳೇ ಕೂಡಬಾರದೆಂದು ಹೇಳಿ ಊರಿಗೆ ಕಳಿಸಿದರು. ಅವಳು ಬಂದವಳೇ ಹೊಳೆಗೆ ಹೋಗಿ ಕಲ್ಲು ಆರಿಸಿದಳು. ಕೈಕೆಳಗಿನ ಮಾಲವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ರೊಟ್ಟಿಗೆ ಕೂತಳು.

ಬಲಗಡೆ ಕಟ್ಟಿದ ಕಲ್ಲು ರೊಟ್ಟಿಯ ಒಂದೊಂದು ಬಡಿತಕ್ಕೂ ಜಗ್ಗಿ ಜಾರಿತು. ಮರುದಿನ ಎಡಗಡೆ ಕಟ್ಟಿ ಇಷ್ಟಲಿಂಗದ ಪೂಜೆಗೆ ಕೂತಳು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಭುಜದ ಚರ್ಮ ಬಿಗಿದು ಕಲ್ಲು ಮೇಲಕ್ಕೆ ಸರಿಯಿತು. "ಕಣ್ಣು ಲಿಂಗದ ಮ್ಯಾಲೆ, ಮನಸ್ಸು ಕಲ್ಲಿನ ಮ್ಯಾಲೆ" ಎಂದು ಅದನ್ನೂ ಬಿಚ್ಚಿಟ್ಟಳು. ಮೂರನೆಯ ದಿನ ಹೊಟ್ಟೆಯ ಎಡಕ್ಕೆ ಕಟ್ಟಿದಳು. ಕೈಗಳು ಹಗುರಾದವು, ಆದರೆ ಒಲೆಯ ಮುಂದೆ ಕೂತು ಬಾಗಿದಾಗ ಕಲ್ಲಿನ ಅಂಚು ಪಕ್ಕೆಲುಬಿಗೆ ಒತ್ತಿತು.

ಆಗ ಅವಳು ಗೌಂಡಿ ಸಾತಪ್ಪನನ್ನು ಕರೆಸಿ ಒಲೆಯನ್ನು ಸೊಂಟದೆತ್ತರಕ್ಕೆ ಕಟ್ಟಿಸಿದಳು. ನಿಂತು ರೊಟ್ಟಿ ಬಡಿಯುವ ಹೆಂಗಸನ್ನು ಆ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಉಣ್ಣಲು ಬಂದ, ಗಿರಣಿಯ ಬಾಯ್ಲರಿನಲ್ಲಿ ಕೆಲಸಕ್ಕಿದ್ದ ಪರಸಪ್ಪ ಬಾಗಿಲಲ್ಲೇ ನಿಂತುಬಿಟ್ಟ.

"ಏನ ಕಾಶೆವ್ವಾ, ಸಾಹೇಬ್ರಗತೆ ನಿಂತ ಕೆಲಸಾ ಮಾಡಾಕತ್ತಿ? ಎದಿಗೆ ಯಂತ್ರಾ ಬ್ಯಾರೆ ಕೂಡಸ್ತಾರಂತ. ಇನ್ನ ನಮ್ಮ ಯೂನಿಯನ್ನಿಗೆ ಸೇರಬೇಕಾಗತೈತಿ ನೀ."

"ನಿಮ್ಮವರು ಸಂಪ ಹೂಡಂಗಿಲ್ಲಂದ್ರ ಸೇರತೀನಿ" ಎಂದಳು ಕಾಶೆವ್ವ. "ಈ ಯಂತ್ರ ಸಂಪ ಹೂಡಿದ್ರ ನಡ್ಯಾಂಗಿಲ್ಲಪಾ."

ಎಲ್ಲರೂ ನಕ್ಕರು. ಉಳವಪ್ಪ ನಗಲಿಲ್ಲ. ಒಲೆ ಎತ್ತರವಾದದ್ದರ ಅರ್ಥ ಅವನಿಗೊಬ್ಬನಿಗೇ ತಿಳಿದಿತ್ತು. ಜನ ಎದ್ದುಹೋದ ಮೇಲೆ ಕೇಳಿದ.

"ವೈನಿ, ದೊಡ್ಡ ಕೊಯ್ತಾನ ಮಾಡಸ್ತಿಯೇನ?"

"ಹೂಂ."

"ಪೂಜಿ ಬಲಗೈಯಾಗ ಮಾಡಿದ್ರ ಶಿವ ಒಲ್ಲೆ ಅಂತಾನೇನ?"

"ಶಿವ ಅನ್ನಂಗಿಲ್ಲ. ಕೈ ಅಂತೈತಿ."

"ಜೀವಕ್ಕ ಅಪಾಯ ಐತಿ ಅಂತ ಡಾಕ್ಟರು ಹೇಳ್ಯಾರ."

"ಅಪಾಯ ಒಂದ ದಿನದ್ದು. ಕೈ ದಿನಾ ಬೇಕು."

ಅವನು ತಾಟಿನಲ್ಲಿ ಬೆರಳಾಡಿಸುತ್ತ ಕೂತ. ಆಮೇಲೆ, "ನೀ ಹ್ವಾದ್ರ?" ಎಂದ.

"ಮಾಲವ್ವಗ ಎಲ್ಲಾ ತೋರಿಸೇನಿ. ಖಾನಾವಳಿ ನಡಸ್ತಾಳ."

"ನಾ ಖಾನಾವಳಿ ಮಾತ ಕೇಳಲಿಲ್ಲ ವೈನಿ."

ಕಾಶೆವ್ವ ಅವನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. "ಗೊತ್ತೈತಿ. ಉಣ್ಣು" ಎಂದಳು.

ಮಾರ್ಚಿನಲ್ಲಿ ಮತ್ತೆ ಮುಂಬಯಿ. ಶಸ್ತ್ರಕ್ರಿಯೆಯ ಹಿಂದಿನ ದಿನ ಡಾಕ್ಟರು ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ನೇರಳೆ ಮಸಿಯಿಂದ ಗೆರೆ ಎಳೆದರು. ಮಲಗಿದಾಗಿನ ಹೊಟ್ಟೆ ಬೇರೆ, ನಿಂತಾಗಿನದು ಬೇರೆ ಎಂದು ಅವಳು ಮರಾಠಿಯಲ್ಲಿ ಹೇಳಿದಾಗ ಅವರು ಕೋಪಗೊಳ್ಳಲಿಲ್ಲ. ದಾದಿಯಿಂದ ಸೀರೆ ತರಿಸಿ, ದಿನದಂತೆ ನಿರಿಗೆ ಕಟ್ಟಿಸಿ, ಮೇಜಿನ ಮುಂದೆ ನಿಲ್ಲಿಸಿ, "ನಿಮ್ಮ ಕೆಲಸ ಮಾಡಿ ತೋರಿಸಿ" ಎಂದರು. ಆ ವಾರ್ಡಿನಲ್ಲಿ ಕಾಶೆವ್ವ ಬರಿಯ ಮೇಜಿನ ಮೇಲೆ ರೊಟ್ಟಿ ಬಡಿದಳು. ಡಾಕ್ಟರು ಹೊಟ್ಟೆಯ ಮೇಲೆ ಅಂಗೈಯಿಟ್ಟು ಚರ್ಮ ಎಲ್ಲಿ ಅಲುಗುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ನೋಡಿದರು. ಮೊದಲ ಗೆರೆ ಒರೆಸಿ, ನಿರಿಗೆಯ ಗಂಟಿನಿಂದ ಎರಡು ಬೆರಳು ಮೇಲೆ ಹೊಸದನ್ನು ಎಳೆದರು. "ಕೊಯ್ಯುವುದೊಂದನ್ನು ನನಗೆ ಬಿಟ್ಟಿದ್ದೀರಿ, ಉಪಕಾರವಾಯಿತು" ಎಂದು ನಕ್ಕರು.

ಇಷ್ಟಲಿಂಗವನ್ನು ಅವಳು ಮೈಯಿಂದ ಅಗಲಿಸಲು ಒಪ್ಪಲಿಲ್ಲ. ಎದೆಯ ಮೇಲೆ ಅದನ್ನಿಡಲು ಅವರು ಒಪ್ಪುವಂತಿರಲಿಲ್ಲ. ತಲೆಯ ಮೇಲೂ ಧರಿಸಬಹುದೆಂದು ಕಾಶೆವ್ವನೇ ಹೇಳಿದಳು. ದಾದಿ ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ, ಜಡೆಯ ಮೇಲೆ ಬಿಗಿದು, ಟೊಪ್ಪಿಗೆ ಹಾಕಿ ಒಳಗೆ ಒಯ್ದಳು.

ಉಳವಪ್ಪ ಹೊರಗೆ ಬೆಂಚಿನ ಮೇಲೆ ಕೂತ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತ. ಸಂಜೆ ಅವನನ್ನು ಒಳಗೆ ಬಿಟ್ಟರು. ಬಿಳಿಚಿದ ಮುಖ, ಒಣಗಿದ ತುಟಿ. ಆದರೆ ಮಣಿಕಟ್ಟಿನೊಳಗೆ ನಾಡಿ ತಪ್ಪದೆ, ತಡವರಿಸದೆ ಬಡಿಯುತ್ತಿತ್ತು. ಎಲ್ಲವನ್ನೂ ಎಣಿಸುವ ಸ್ವಭಾವದ ಆ ಮನುಷ್ಯ ಅದನ್ನು ಹಿಡಿದುಕೊಂಡು ಕೂತವನು ಎಣಿಸುವುದನ್ನೇ ಮರೆತ.

ಮಳೆಗಾಲ ಹಿಡಿಯುವ ಮುಂಚೆ ಕಾಶೆವ್ವ ತನ್ನ ಎತ್ತರದ ಒಲೆಯ ಮುಂದೆ ನಿಂತಿದ್ದಳು.

ನಮ್ಮ ನಡುವೆ ಇಂಥವರು ಕೆಲವರಿರುತ್ತಾರೆ. ಆಯುಷ್ಯವೆಂಬುದು ಉಳಿದವರಿಗೆ ಬೇಡಿಕೊಳ್ಳುವ ಅಥವಾ ಹೆದರಿಕೊಳ್ಳುವ ವಸ್ತು. ಇವರು ಅದರ ಅಳತೆಯನ್ನು ವಿಚಾರಿಸಿಕೊಂಡು, ಆ ಅಳತೆಗೆ ತಮ್ಮ ಮನೆಯನ್ನು ಸರಿಮಾಡಿಟ್ಟುಕೊಳ್ಳುತ್ತಾರೆ. ಸಿಕ್ಕದ್ದು ಕಡಿಮೆಯೆಂದು ಇವರು ದೂರಿದ್ದನ್ನು ಯಾರೂ ಕೇಳಿಲ್ಲ. ಆ ವರ್ಷದ ಮೊದಲ ಮಳೆಯ ದಿನ ಪರಸಪ್ಪ ಉಣ್ಣುತ್ತ ಕೇಳಿದ್ದ, ಒಳಗಿನ ಬ್ಯಾಟರಿ ಎಷ್ಟು ದಿನ ಬರುತ್ತದೆಂದು.

"ಎರಡ ವರ್ಷಂತ" ಎಂದಳು ಕಾಶೆವ್ವ.

ಪರಸಪ್ಪನ ತುತ್ತು ಕೈಯಲ್ಲೇ ನಿಂತಿತು. "ಆಮ್ಯಾಲೆ?"

ಅವಳು ಅವನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. "ಅದ ಗಾಯ ಬಿಚ್ಚಿ ಹೊಸಾದ ಇಡ್ತಾರ. ಮತ್ತೆರಡು."