ಒಂದೇ ಹೆಸರಿನ ಶಬ್ದಗಳು

ಬರೀ ತಲೆಯಾಡಿಸಿದರೆ ಅದು ಸುಳ್ಳು ಹೇಳಿದ ಹಾಗಾಗುತ್ತದೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಅವಳು ಕೈಗೆರಡರಂತೆ ಮಡಚುವ ಕುರ್ಚಿಗಳನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಅವತ್ತು ಬಾಯಿಬಿಟ್ಟು ಹೌದೆಂದಿರಲಿಲ್ಲ. ಗದ್ದವನ್ನು ಒಂದಿಷ್ಟು ಕೆಳಗಿಳಿಸಿ ಮೇಲೆತ್ತಿದ್ದಳು, ಅಷ್ಟೆ. ದಿನಚರಿಯಲ್ಲೂ ಅಷ್ಟೇ ಇತ್ತು: ‘ದೊಡ್ಡಪ್ಪ ಕೇಳಿದರು. ತಲೆಯಾಡಿಸಿದೆ.’ ಮುಂದಿನ ಸಾಲು ಬರೆಯಲಾಗಿರಲಿಲ್ಲ.

ನಾಲ್ಕನೆಯ ಮಹಡಿಯ ಹಜಾರದಲ್ಲಿ ದೊಡ್ಡಪ್ಪನ ದೇಹವಿತ್ತು. ಶವವಾಹನ ಹನ್ನೊಂದಕ್ಕೆ ಬರುವುದಿತ್ತು.

“ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿ ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿದ ಮನುಷ್ಯ,” ಎಂದ ಕೆಳಮನೆಯ ಟೈಲರ್, ಅವಳ ಕೈಯಿಂದ ಕುರ್ಚಿ ಇಸಿದುಕೊಳ್ಳುತ್ತ. “ಈಗ ಅವರನ್ನೇ ಮೆಟ್ಟಿಲಲ್ಲಿ ಇಳಿಸ್ಬೇಕಾ?”

“ಸ್ಟ್ರೆಚರ್ ಹಿಡಿಯಲ್ಲ ಕಣಣ್ಣ. ಈ ಲಿಫ್ಟಲ್ಲಿ ನಿಂತವರಿಗಷ್ಟೇ ಜಾಗ, ಮಲಗಿದವರಿಗಿಲ್ಲ ಅಂತ ಅಣ್ಣನೇ ಅಂತಿದ್ರು,” ಎಂದರು ಗ್ರೀಸಣ್ಣ. ದೊಡ್ಡಪ್ಪನ ಜೊತೆ ಇಪ್ಪತ್ತು ವರ್ಷ ದುಡಿದವರು. ಎಷ್ಟು ತಿಕ್ಕಿ ತೊಳೆದರೂ ಉಗುರ ಸಂದಿಯ ಕಪ್ಪು ಹೋಗದ್ದರಿಂದ ಆ ಹೆಸರು. ಅವರ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳಂತೆ.

ದೊಡ್ಡಮ್ಮ ಗೋಡೆಗೊರಗಿ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು, ಮಾತು ಮಾತ್ರ ನಿಂತಿರಲಿಲ್ಲ. “ಹೋದ ವಾರ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಡಾಕ್ಟರು ಹೇಳಿದ್ದು ಒಂದಾದ್ರೂ ಕಿವಿಗೆ ಹಾಕ್ಕೊಂಡ್ರಾ? ಲಿಫ್ಟಿನ ಗೋಡೆಗೆ ಕಿವಿ ಕೊಟ್ಟು ನಿಂತಿದ್ರು ಮಹಾರಾಯರು. ಇದು ಗೊಣಗ್ತಿದೆ ಕಣೇ ಅಂದ್ರು. ನೀವು ಗೊಣಗೋದು ಸಾಲ್ದಾ ಅಂದೆ.”

ಯಾರೋ ನಕ್ಕು, ನಗಬಾರದಿತ್ತೆಂದು ಕೆಮ್ಮಿದರು.

“ಅದೇ ಲಿಫ್ಟು ಅತ್ತಿಗೆ,” ಎಂದರು ಗ್ರೀಸಣ್ಣ, ದನಿ ತಗ್ಗಿಸಿ. “ಬೆಳಗ್ಗೆ ನಿಲ್ಲಿಸಿ ಬಂದಿದೀನಿ. ಆಪರೇಷನ್ ಮಹಡಿಗೆ ರೋಗಿಗಳನ್ನ ಒಯ್ಯೋಕೆ ಇರೋದು ಅದೊಂದೇ, ಹತ್ತು ಸಲ ಫೋನ್ ಬಂತು. ಅಣ್ಣ ಅದರ ಹಳೇ ಶಬ್ದ ರೆಕಾರ್ಡ್ ಮಾಡಿ ಇಟ್ಟಿದಾರೆ. ಅದಕ್ಕೂ ಇದಕ್ಕೂ ಹೋಲಿಸಿ ನೋಡಿದ್ರೆ ಬೇರಿಂಗ್ ಹೋಗಿದ್ಯಾ, ಮೊದಲಿಂದ್ಲೂ ಹಿಂಗೇನಾ ಗೊತ್ತಾಗತ್ತೆ.”

“ಇವಳನ್ನ ಕೇಳಿ. ಕಂಪ್ಯೂಟರೆಲ್ಲ ಇವಳ ಕೈಲೇ ಇತ್ತು,” ಎಂದಳು ದೊಡ್ಡಮ್ಮ.

ಎಲ್ಲರೂ ಅವಳತ್ತ ತಿರುಗಿದರು. ಅವಳು ಕಂಪ್ಯೂಟರಿದ್ದ ಕೋಣೆಯತ್ತ ನಡೆದಳು.

*

ಮೂರು ವಾರಗಳ ಹಿಂದೆ ದೊಡ್ಡಪ್ಪ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. “ಜಾಗ ಇಲ್ಲ, ಜಾಗ ಇಲ್ಲ ಅಂತ ಒಂದೇ ಸಮ ಬೊಬ್ಬೆ ಹೊಡೀತಿದೆ. ಬೇಡದ್ದನ್ನ ತೆಗೆದುಹಾಕು ಮಗಳೇ. ಹುಷಾರಾಗಿ.”

ಒಂದೊಂದು ಕಟ್ಟಡಕ್ಕೆ ಒಂದೊಂದು ಫೋಲ್ಡರ್. ಅವುಗಳೊಳಗೆ ಏನುಂಟು ಏನಿಲ್ಲ! ಒಂದೇ ಕೈಪಿಡಿ ಒಂಬತ್ತು ಕಡೆ, ಅದೇ ಪ್ರವಾಸದ ಅದೇ ಫೋಟೊಗಳು ಬ್ಯಾಂಕಿನ ಕಟ್ಟಡದಲ್ಲೂ ಚಿತ್ರಮಂದಿರದಲ್ಲೂ. ನಕಲುಗಳನ್ನು ಹುಡುಕಿ ಅಳಿಸುವ ತಂತ್ರಾಂಶವೊಂದನ್ನು ಅವಳು ಹಾಕಿಕೊಂಡಳು. ಹೆಸರು ನೋಡಿ ಹುಡುಕಲೋ, ಒಳಗಿರುವುದನ್ನು ನೋಡಿ ಹುಡುಕಲೋ ಎಂದು ಅದು ಕೇಳಿತು. ಒಳಗಿರುವುದನ್ನು ನೋಡಲು ನಾಲ್ಕು ಗಂಟೆ. ಹೆಸರಾದರೆ ನಾಲ್ಕು ನಿಮಿಷ. ಹೆಸರನ್ನೇ ಒತ್ತಿದಳು.

‘ಶಬ್ದ’ ಎಂಬ ಹೆಸರಿನವು ಇನ್ನೂರ ಹದಿನಾಲ್ಕು ಸಿಕ್ಕವು.

ಕೈ ತಡೆಯಿತು. ಎದ್ದು ಬಾಗಿಲವರೆಗೆ ಬಂದಳು. ದೊಡ್ಡಪ್ಪ ಬಾಲ್ಕನಿಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ಹತ್ತು ಹೆಜ್ಜೆ ದೂರ. ‘ಇವೆಲ್ಲ ಒಂದೇನಾ ದೊಡ್ಡಪ್ಪ?’ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಡಿಗ್ರಿ ಮಾಡಿದವಳು ಇಷ್ಟಕ್ಕೂ ಕೇಳುತ್ತಾಳಲ್ಲ ಎಂದುಕೊಂಡಾರು ಅನ್ನಿಸಿತು. ಮರಳಿ ಬಂದು ಕೂತಳು. ಒಂದನ್ನೂ ತೆರೆದು ಕೇಳಲಿಲ್ಲ. ಒಂದನ್ನು ಉಳಿಸಿ ಮಿಕ್ಕ ಇನ್ನೂರ ಹದಿಮೂರನ್ನೂ ಅಳಿಸಿದಳು. ಕಸದ ಬುಟ್ಟಿಯನ್ನೂ ಆಗಲೇ ಖಾಲಿ ಮಾಡಿದಳು. ಖಚಿತವೇ ಎಂದು ಅದು ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದಳು.

“ಗಾಳಿ ಬಿಟ್ಟಷ್ಟು ಹಗುರಾಯ್ತಲ್ಲೇ!” ಎಂದು ದೊಡ್ಡಪ್ಪ ಬೆನ್ನು ತಟ್ಟಿದ್ದರು.

ಹೋದ ವಾರ, ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದ ಮೇಲೆ, ಕೇಳಿದರು. “ಶಬ್ದಗಳೆಲ್ಲ ಜೋಪಾನವಾಗಿವೆ ತಾನೇ? ಪ್ರತಿ ಲಿಫ್ಟು ಗಟ್ಟಿಮುಟ್ಟಾಗಿದ್ದಾಗ ಹಿಡಿದಿಟ್ಟದ್ದು. ನಮ್ಮ ಗ್ರೀಸಿಗೆ ಕೊಡ್ಬೇಕು.”

“ಎಲ್ಲಕ್ಕೂ ಒಂದೇ ಹೆಸರು ಯಾಕಿಟ್ರಿ?” ಅವಳ ಬಾಯಿಂದ ಹೊರಟದ್ದು ಅಷ್ಟೇ.

“ಫೋಲ್ಡರಿಗೆ ಕಟ್ಟಡದ ಹೆಸರಿದೆಯಲ್ಲ. ಮನೆ ಗೊತ್ತಿದ್ದ ಮೇಲೆ ಒಳಗಿರೋರನ್ನ ಹೆಸರು ಹಿಡಿದು ಬೇರೆ ಕೂಗ್ಬೇಕೇನೇ? ಇವೆ ತಾನೇ?”

ಅವಳು ತಲೆಯಾಡಿಸಿದಳು.

ಮರುದಿನ, ಅಳಿಸಿದ್ದನ್ನು ಮರಳಿ ತರುವ ಇನ್ನೊಂದು ತಂತ್ರಾಂಶ ಹಾಕಿ ನೋಡಿದಳು. ಅದು ತಂದುಕೊಟ್ಟದ್ದು ತೆರೆಯಲೊಲ್ಲದ ಚೂರುಗಳನ್ನು.

*

ಗ್ರೀಸಣ್ಣ ಅವಳ ಹಿಂದೆಯೇ ಕೋಣೆಗೆ ಬಂದರು. “ನಂಗೆ ಈ ಡಬ್ಬಿ ಅರ್ಥ ಆಗಲ್ಲ ತಾಯಿ. ಆಸ್ಪತ್ರೇದು ಫೋನಿಗೆ ಕಳಿಸಿಬಿಡು, ಸಾಕು.”

ಅವಳು ಆಸ್ಪತ್ರೆಯ ಫೋಲ್ಡರ್ ತೆರೆದಳು. ಅದರಲ್ಲಿ ಶಬ್ದವಿರಲಿಲ್ಲ. ಹೇಳಬೇಕೆಂದು ತಿರುಗಿದಳು. ಗ್ರೀಸಣ್ಣ ಕಣ್ಣೊರೆಸಿಕೊಳ್ಳುತ್ತಿದ್ದರು. ತಿರುಗಿದ ಮುಖ ಹಾಗೇ ಮರಳಿ ಪರದೆಯತ್ತ ಹೋಯಿತು. ಬೆರಳುಗಳು ಉಳಿದಿದ್ದ ಒಂದೇ ಒಂದು ಶಬ್ದವನ್ನು, ಹಳೆಯ ಗ್ರಂಥಾಲಯದ್ದನ್ನು, ಕಳಿಸಿಬಿಟ್ಟವು. ಅದರ ಹೆಸರೂ ‘ಶಬ್ದ’ವೇ. ಈ ಸಲವೂ ಅವಳು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ.

ಅವರು ಬಾಲ್ಕನಿಗೆ ಹೋಗಿ ಅದನ್ನೊಮ್ಮೆ, ಬೆಳಗ್ಗೆ ತಾವು ಹಿಡಿದದ್ದನ್ನೊಮ್ಮೆ, ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಕೇಳಿದರು.

“ಇಲ್ಲೂ ಗೊರಗೊರ, ಅಲ್ಲೂ ಗೊರಗೊರ,” ಎಂದರು, ಉಸಿರು ಬಿಟ್ಟು. “ಹುಟ್ಟಿದಾಗಿಂದ ಇದೇ ರಾಗ ಇದರದ್ದು. ನಾನು ಸುಮ್ನೆ ಹೆದರಿದ್ದೆ.”

ಅಷ್ಟರಲ್ಲಿ ವಾಹನ ಬಂತೆಂದು ಕೆಳಗಿನಿಂದ ಕೂಗಿದರು. ನಾಲ್ವರು ಸ್ಟ್ರೆಚರ್ ಎತ್ತಿದರು. ಮುಂದಿನ ಬಲಗಡೆಯ ಹಿಡಿ ಗ್ರೀಸಣ್ಣನ ಕೈಯಲ್ಲಿತ್ತು. ಟೈಲರ್ ಹಿಂದಿನಿಂದ, “ನಿಧಾನ, ಗೋಡೆಗೆ ತಾಗೀತು,” ಎನ್ನುತ್ತಿದ್ದ. ಅವಳು ದೊಡ್ಡಮ್ಮನ ತೋಳು ಹಿಡಿದು ಇಳಿಯುತ್ತಿದ್ದಳು. ಮೂರನೆಯ ಮಹಡಿಯ ತಿರುವಿನಲ್ಲಿ ಗ್ರೀಸಣ್ಣನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವರು ಒಂದು ಕೈಯಲ್ಲಿ ಅದನ್ನು ತೆಗೆದು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡರು.

“ಹಾಂ ಸಿಸ್ಟರ್. ನೋಡಿದೆ, ಏನೂ ತೊಂದ್ರೆ ಇಲ್ಲ. ಸ್ವಿಚ್ ಹಾಕಿಸಿ. ಯಾರನ್ನೋ ಒಯ್ಯೋದಿದೆ ಅಂದ್ರಲ್ಲ, ಅವರನ್ನ...”

“ಅದು ಆಸ್ಪತ್ರೇದಲ್ಲ!”

ಮೆಟ್ಟಿಲುಗಳುದ್ದಕ್ಕೂ ದನಿ ಮೇಲೂ ಕೆಳಗೂ ಹೋಯಿತು. ಅಷ್ಟು ಜೋರಾದ ತನ್ನ ದನಿಯನ್ನು ಅವಳೇ ಕೇಳಿರಲಿಲ್ಲ. “ಗ್ರಂಥಾಲಯದ್ದು. ಉಳಿದಿರೋದು ಅದೊಂದೇ. ಮಿಕ್ಕಿದ್ದೆಲ್ಲ ನಾನು ಅಳಿಸಿಬಿಟ್ಟೆ.”

ತಿರುವಿನಲ್ಲಿ ಸ್ಟ್ರೆಚರ್ ಅರ್ಧ ವಾಲಿದಂತೆ ನಿಂತಿತು. ಗ್ರೀಸಣ್ಣನ ಭುಜದ ಮೇಲಿಂದ ಸಣ್ಣಗೆ, ಬಿಡದೆ, ದೂರದ ಹೆಣ್ಣುದನಿಯೊಂದು ಕೇಳುತ್ತಲೇ ಇತ್ತು: “ಹಲೋ? ಹಾಕಿಸ್ಲಾ, ಬೇಡ್ವಾ?”