ಕಳ್ಳತನವಿಲ್ಲದ ಮಲ್ಲಿಗೆ ಲೇಔಟ್

ನಮ್ಮ ಮಲ್ಲಿಗೆ ಲೇಔಟಿನಲ್ಲಿ ಕಳ್ಳತನ ಆಗುವುದಿಲ್ಲ. ಆಗುವುದಿಲ್ಲ ಎಂದು ಸಂಘದ ಸಭೆಯಲ್ಲಿ ಕೈಯೆತ್ತಿ ಠರಾವು ಮಾಡಿದ್ದೇವೆ. ಠರಾವು ಬರೆದವನು ನಾನೇ. ನಿವೃತ್ತ ಮಾಸ್ತರ, ಸಂಘದ ಕಾರ್ಯದರ್ಶಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಲೇಔಟಿನ ಸುಳ್ಳುಗಳೆಲ್ಲ ನನ್ನ ಕೈಯಿಂದಲೇ ಕಾಗದಕ್ಕೆ ಇಳಿಯಬೇಕು.

ಇದಕ್ಕೆಲ್ಲ ಮೂಲ ನಮ್ಮ ಅಧ್ಯಕ್ಷ ಶಿವಯೋಗಿ. ಹೊರರಾಜ್ಯದ ಯಾವುದೋ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದು, ನಿವೃತ್ತರಾದ ಮೇಲೆ ಹಗರಿಬೊಮ್ಮನಹಳ್ಳಿಗೆ ಬಂದು ಮನೆ ಕಟ್ಟಿಸಿದವರು. ಕಾರ್ಖಾನೆಯ ಗೇಟಿನಲ್ಲಿ ‘ಅಪಘಾತವಿಲ್ಲದ ದಿನಗಳು’ ಎಂದು ಬೋರ್ಡು ಇರುತ್ತದಲ್ಲ, ಅಂಥದ್ದೇ ಒಂದನ್ನು ಲೇಔಟಿನ ಕಮಾನಿಗೆ ಹಾಕಿಸಿದರು: ‘ಕಳ್ಳತನವಿಲ್ಲದ ದಿನಗಳು’. ಕೆಳಗೆ ಅಂಕಿ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಸ್ಟೂಲು ಹತ್ತಿ ಅಂಕಿ ಬದಲಾಯಿಸುತ್ತಿದ್ದರು. ಕೂಡ್ಲಿಗಿ, ಹಡಗಲಿಯಿಂದ ಸೈಟು ನೋಡಲು ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಹರಪನಹಳ್ಳಿಯ ಬೀಗರಿಗೆ ನಾನೇ ಫೋನು ಮಾಡಿ ಆ ದಿನದ ಅಂಕಿ ಹೇಳುತ್ತಿದ್ದೆ. ನಗಬೇಡಿ. ನಿಮ್ಮ ಓಣಿಗೂ ಅಂಥ ಬೋರ್ಡು ಬಂದರೆ ನೀವೂ ಹೇಳುತ್ತೀರಿ.

ಮುನ್ನೂರ ನಲವತ್ತಾರನೆಯ ದಿನ ಮೈಲಮ್ಮನ ಹೊಲಿಗೆ ಯಂತ್ರ ಹೋಯಿತು.

ಮೈಲಮ್ಮ ಕೋಗಳಿಯವಳು. ಗಂಡ ತೀರಿಕೊಂಡ ಮೇಲೆ ನಮ್ಮ ಲೇಔಟಿನ ಕೊನೆಯಲ್ಲಿ ಒಂದು ತಗಡಿನ ಕೋಣೆ ಬಾಡಿಗೆ ಹಿಡಿದು, ಜಾಕೀಟು, ಯೂನಿಫಾರಂ ಹೊಲಿದು ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಶಾಲೆ ಶುರುವಾಗಲು ಮೂರು ವಾರ ಇತ್ತು. ಎಂಬತ್ತು ಜೊತೆ ಯೂನಿಫಾರಂ ಒಪ್ಪಿಕೊಂಡಿದ್ದಳು. ಆ ಯಂತ್ರ ಬಿಟ್ಟರೆ ತಾಯಿ ಮಗಳಿಗೆ ಅನ್ನಕ್ಕೆ ಬೇರೆ ದಾರಿಯಿರಲಿಲ್ಲ. ನಲ್ಲಿ ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಅದು ಕಾಣೆಯಾಗಿತ್ತು. ಅಳುತ್ತಾ ನೇರ ಸಂಘದ ಕಚೇರಿಗೆ ಓಡಿಬಂದಳು.

“ಬೀಗ ಒಡದಾರೇನವ್ವ?” ಎಂದರು ಶಿವಯೋಗಿ.

“ಬೀಗ ಹಾಕಿದ್ದಿಲ್ರಿ. ನೀರಿಗೆ ಹೋಗಿದ್ದೆ.”

“ನೋಡು ಮತ್ತ. ಬೀಗ ಒಡದಿಲ್ಲ ಅಂದ್ರ ಕಳ್ಳತನ ಹೆಂಗಾತು? ಇದಕ್ಕ ನಮ್ಮ ಕಾರ್ಖಾನ್ಯಾಗ ನಿಯರ್ ಮಿಸ್ ಅಂತಿದ್ವಿ. ಅಂದ್ರ, ಸ್ವಲ್ಪದರಾಗ ತಪ್ಪಿದ್ದು.”

“ತಪ್ಪಿಲ್ರಿ, ಹೋಗೇತಿ!”

“ಹತ್ತೊಂಬತ್ತು ದಿನ ತಡಿಯವ್ವ. ವರ್ಷ ತುಂಬಲಿ. ಆಮ್ಯಾಲ ನಾನ ನಿಂತು ಕಂಪ್ಲೇಂಟ್ ಕೊಡಿಸ್ತೀನಿ.”

ಅವಳ ಹೆಸರಿನಲ್ಲಿ ನಾನು ದುಂಡಗೆ ಬರೆದೆ: ‘ನನ್ನ ಯಂತ್ರವನ್ನು ರಿಪೇರಿಗೆ ಕೊಟ್ಟಿರುತ್ತೇನೆ.’ ಅವಳ ಮನೆ ಮಾಲೀಕ ಹೊನ್ನೂರಸ್ವಾಮಿ ಸಂಘದ ಖಜಾಂಚಿ. ಅವನು ಪಕ್ಕದಲ್ಲಿ ನಿಂತು, ಬಾಡಿಗೆ ಮನೆಯ ಬಗ್ಗೆ ಒಂದು ಮಾತೂ ಆಡದೆ, ಅವಳನ್ನೇ ನೋಡುತ್ತಿದ್ದ. ಮೈಲಮ್ಮ ಸಹಿ ಮಾಡಿದಳು.

ವರ್ಷ ತುಂಬಿದ ದಿನ ಶಾಲು, ಹಾರ, ಗೋಧಿ ಪಾಯಸ ಎಲ್ಲ ಆಯಿತು. ಮೈಲಮ್ಮ ಬರಲಿಲ್ಲ. ಅರ್ಧದಷ್ಟು ಬಟ್ಟೆ ವಾಪಸು ಕೊಟ್ಟು, ಉಳಿದದ್ದನ್ನು ಕೈಯಲ್ಲೇ ಹೊಲಿಯುತ್ತಾ ಕೂತಿದ್ದಳು. ಮರುದಿನ ಬಂದು ನೆನಪು ಮಾಡಿದಾಗ ಶಿವಯೋಗಿ, “ಐನೂರು ಆಗ್ಲಿ ಬಿಡವ್ವ” ಎಂದರು. ಅಷ್ಟರಲ್ಲಿ ಹೊನ್ನೂರಸ್ವಾಮಿಯ ಎರಡು ಸಿಲಿಂಡರು, ನನ್ನ ನೀರಿನ ಮೋಟಾರು ಕೂಡ ಹೋಗಿದ್ದವು. ರಿಪೇರಿಗೆ ಕೊಟ್ಟಿದ್ದೇವೆ ಎಂದೆವು. ನಮ್ಮ ಲೇಔಟಿನಷ್ಟು ಸಾಮಾನು ರಿಪೇರಿಗೆ ಹೋದ ಜಾಗ ಈ ಸೀಮೆಯಲ್ಲೇ ಇರಲಿಕ್ಕಿಲ್ಲ.

ಜುಲೈನಲ್ಲಿ ಕೊಟ್ಟೂರು ರಸ್ತೆಯಲ್ಲಿ ಪ್ರವೀಣಕುಮಾರ್ ಎಂಬ ಕಳ್ಳ ಸಿಕ್ಕಿಬಿದ್ದ. ಮಲ್ಲಿಗೆ ಲೇಔಟಿನಲ್ಲಿ ಏಳು ಮನೆಗಳಲ್ಲಿ ಕದ್ದಿದ್ದೇನೆಂದು ಒಪ್ಪಿಕೊಂಡ. ಠಾಣೆಯಿಂದ ಫೋನು ಬಂದಾಗ ಶಿವಯೋಗಿಯವರ ಮುಖ ಬಿಳಿಚಿಕೊಂಡಿತು. ಕೂಡಲೇ ನನ್ನಿಂದ ಒಂದು ಪತ್ರ ಬರೆಸಿದರು: ‘ನಮ್ಮ ಬಡಾವಣೆಯಲ್ಲಿ ಯಾವುದೇ ಕಳ್ಳತನ ನಡೆದಿರುವುದಿಲ್ಲ. ಸದರಿ ಆರೋಪಿಯು ಸುಳ್ಳು ಹೇಳುವ ಸ್ವಭಾವದವನೆಂದು ತೋರುತ್ತದೆ.’

ಪತ್ರ ಹಿಡಿದು ನಾವಿಬ್ಬರೂ ಹೋದಾಗ ಠಾಣೆಯ ಅಂಗಳದಲ್ಲಿ ಸಾಮಾನು ಸಾಲಾಗಿ ಇಟ್ಟಿದ್ದರು. ನನ್ನ ಮೋಟಾರು ಮೂರನೆಯದು, ನಾನೇ ಬಳಿದ ಹಸಿರು ಬಣ್ಣ. ಅದಕ್ಕೆ ಬೆನ್ನು ಮಾಡಿ ನಿಂತೆ. ಸುದ್ದಿ ಕೇಳಿ ಮೈಲಮ್ಮ ನಮಗಿಂತ ಮೊದಲೇ ಬಂದು, ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ಕೂತಿದ್ದಳು. ಪಿಎಸ್‌ಐ ಕೋಮಲಾ ನಮ್ಮ ಪತ್ರವನ್ನು ಗಟ್ಟಿಯಾಗಿ ಓದಿದರು. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಪ್ರವೀಣಕುಮಾರನಿಗೆ ಸಿಟ್ಟು ಬಂತು.

“ಮೇಡಂ, ಏಳು ಮನ್ಯಾಗ ಕದ್ದೀನ್ರಿ. ಒಂದೊಂದ ತೋರ್ಸಿ ಕೊಟ್ಟೀನಿ. ಇವ್ರು ನನ್ನ ಸುಳ್ಳ ಮಾಡ್ತಾರಲ್ರಿ!”

“ಇದು ನಂದ್ರಿ,” ಎಂದಳು ಮೈಲಮ್ಮ.

ಶಿವಯೋಗಿ ಜೇಬಿನಿಂದ ಅವಳ ಸಹಿಯ ಕಾಗದ ತೆಗೆದು ಕೊಟ್ಟರು. ಪಿಎಸ್‌ಐ ಓದಿ, “ರಿಪೇರಿಗೆ ಕೊಟ್ಟಿದ್ದೀನಿ ಅಂತ ಸಹಿ ಮಾಡಿದ್ದೀರಲ್ಲಮ್ಮ? ಇದು ನಿಮ್ಮದೇ ಅನ್ನೋಕೆ ಯಾರಾದ್ರೂ ಸಾಕ್ಷಿ ಬೇಕು. ಇಲ್ಲ ಅಂದ್ರೆ ವಾರಸುದಾರರಿಲ್ಲದ ಮಾಲು ಅಂತ ಹರಾಜಿಗೆ ಹೋಗುತ್ತೆ” ಎಂದರು.

“ಮಾಸ್ತರ ಬರದ್ರು, ನಾ ಸೈ ಮಾಡಿದ್ನಿ. ಅವರ್ನ ಕೇಳ್ರಿ.”

ಎಲ್ಲರೂ ನನ್ನನ್ನು ನೋಡಿದರು. ನಾನು ಶಿವಯೋಗಿಯವರನ್ನು ನೋಡಿದೆ.

“ಅದರ ಖಾನಿ ತಗದ ನೋಡ್ರಿ ಮೇಡಂ,” ಎಂದ ಕಳ್ಳ. “ಅಳತಿ ಚೀಟಿ ಅದಾವ. ಹುಡುಗ್ರ ಅಳತಿ ಅಂತ ನಾ ಬಿಸಾಕಿಲ್ಲ.”

ಪಿಎಸ್‌ಐ ಒಂದು ಚೀಟಿ ಎತ್ತಿ ಓದಿದರು. “ಭೂಮಿಕಾ. ಮಾಸ್ತರ ಮೊಮ್ಮಗಳು. ಸೊಂಟ ಇಪ್ಪತ್ತೆರಡು. ಬೆಳೆಯೋ ಹುಡುಗಿ, ಉದ್ದ ಸ್ವಲ್ಪ ಬಿಡಬೇಕು.” ತಲೆಯೆತ್ತಿ ಕೇಳಿದರು, “ನಿಮ್ಮ ಮೊಮ್ಮಗಳೇನ್ರೀ?”

“ಭೂಮಿಕಾ ಅನ್ನೋರು ಊರಾಗ ಭಾಳ ಮಂದಿ ಅದಾರ್ರಿ,” ಎಂದೆ.

“ಮಾಸ್ತರು?”

“ಅವರೂ ಭಾಳ ಮಂದಿ ಅದಾರ್ರಿ.”

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದ ಬಾಯಿ ಇದು. ನಾಚಿಕೆಯಾಯಿತು, ನಿಜವಾಗಿ ಆಯಿತು. ಆದರೂ ನಿಜ ಹೊರಗೆ ಬರಲಿಲ್ಲ.

ಪ್ರವೀಣಕುಮಾರ್ ಎದ್ದು ನಿಂತ. “ಬರ್ಕೊಳ್ರಿ ಮೇಡಂ, ಸಾಕ್ಷಿ ನಾ ಹೇಳ್ತೀನಿ. ಅವತ್ತ ಮಂಗಳವಾರ, ನಲ್ಲಿ ನೀರ ಬಿಟ್ಟಿದ್ರು. ಈ ಯಕ್ಕ ಕೊಡ ತಗೊಂಡು ಹೋದ್ಳು. ಗಾಡಿ ತಂದು ಮಿಷನ್ ಎತ್ತಿದ್ನಿ. ಒಬ್ಬಂಗ ಆಗ್ಲಿಲ್ಲ. ಇದೇ ಮಾಸ್ತರು ವಾಕಿಂಗ್ ಹೊಂಟಿದ್ರು. ರಿಪೇರಿಗೇನಪ್ಪ ಅಂದ್ರು, ಹೂನ್ರಿ ಅಂದ್ನಿ. ಪಾಪ, ಒಂದ ಕಡಿ ಹಿಡದು ಗಾಡಿಗೆ ಏರಿಸಿ ಕೊಟ್ರು.”

ಇದನ್ನು ನಾನು ನಿಮಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

“ಹೌದೇನ್ರೀ?” ಎಂದರು ಪಿಎಸ್‌ಐ.

ನಾನು ನೆಲ ನೋಡಿದೆ. ಅವರು ಅಷ್ಟನ್ನೇ ಉತ್ತರವೆಂದು ತಿಳಿದು ದೂರು ಬರೆಯಲು ಹೇಳಿದರು. ಕಳ್ಳ ದಿನ, ಹೊತ್ತು, ಗಾಡಿಯ ನಂಬರು ಎಲ್ಲ ಹೇಳುತ್ತಾ ಹೋದ, ಪೇದೆ ಬರೆದುಕೊಂಡ. ಮೈಲಮ್ಮ ಸಹಿ ಮಾಡಿದಳು. ಇನ್ನು ಕೋರ್ಟಿಗೆ ಅರ್ಜಿ ಹಾಕಿ ಯಂತ್ರ ಬಿಡಿಸಿಕೊಳ್ಳಬಹುದು ಎಂದು ಪಿಎಸ್‌ಐ ಅವಳಿಗೆ ತಿಳಿಸಿ ಹೇಳಿದರು.

ಒಳಗೆ ಕರೆದೊಯ್ಯುವಾಗ ಪ್ರವೀಣಕುಮಾರ್ ಅವಳ ಮುಂದೆ ಒಂದು ಗಳಿಗೆ ನಿಂತ.

“ತಪ್ಪಾತು ಯಕ್ಕಾ. ಆದ್ರ ಒಂದ ಮಾತು ಕೇಳು. ಬ್ಯಾರೆ ಕಡಿ ಮನಿ ನೋಡ್ಕೊ. ಆ ಏರಿಯಾದಾಗ ಮಂದಿ ಸರಿ ಇಲ್ಲ.”

“ಹೂನಪ್ಪ,” ಎಂದಳು ಮೈಲಮ್ಮ, “ನಂಗೂ ಗೊತ್ತಾತು.”