ಗೌರವದ ದೂರ

"ಸ್ವಲ್ಪ ಈ ಕಡೆ ತಿರುಗ್ತೀರಾ?" ಎನ್ನುತ್ತ ಡಾರಾ ಮೈಕಿನ ಸಣ್ಣ ಕ್ಲಿಪ್ಪನ್ನು ಈಥ್ನಾಳ ಸ್ವೆಟರಿಗೆ ಸಿಕ್ಕಿಸುತ್ತಿದ್ದ. ಉಣ್ಣೆ ದಪ್ಪ, ಕ್ಲಿಪ್ಪು ಎರಡು ಸಲ ಜಾರಿತು. ಅವನ ಬಗ್ಗಿದ ತಲೆಯ ಮೇಲಿಂದ ಅವಳು ಸಭಾಂಗಣವನ್ನು ನೋಡುತ್ತಿದ್ದಳು. ಅರವತ್ತು ಕುರ್ಚಿಗಳಲ್ಲಿ ಖಾಲಿ ಉಳಿದದ್ದು ನಾಲ್ಕೋ ಐದೋ. ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಬಂದವರು ಕೋಟು ಕೂಡ ಬಿಚ್ಚದೆ ಕೂತಿದ್ದರು. ಹಿಂದೆ ಚಹಾದ ಮೇಜಿನ ಬಳಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಕಪ್ಪುಗಳನ್ನು ಜೋಡಿಸುತ್ತಿದ್ದಳು. ಆ ಗಲ್ಲ, ಆ ಹುಬ್ಬು, ಕತ್ತು ಒಂದು ಪಕ್ಕಕ್ಕೆ ಬಾಗಿಸುವ ಆ ರೀತಿ. ಅವಳು ಯಾರ ಮಗಳೆಂದು ಈಥ್ನಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದರೂ ಡಾರಾ ಹೇಳಿಯೇಬಿಟ್ಟ. "ಅವರು ಊನಾ. ಬಾಬೀನ್ ಅವರ ಮಗಳು. ಈ ಹಾಲ್ ನೋಡ್ಕೊಳ್ಳೋದು ಅವರೇ."

"ಅವರು ಇರ್ತಾರೆ ಅಂತ ನೀನು ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀವು ಬರ್ತಿದ್ರಾ?"

ಅವನು ತಮಾಷೆಗೆ ಅಂದದ್ದು. ನಗುತ್ತಲೇ ತನ್ನ ಕುರ್ಚಿಗೆ ಹೋಗಿ ಕೂತ. ಈಥ್ನಾ ಎದುರಿಗಿದ್ದ ಲೋಟ ಎತ್ತಿ ಎರಡು ಗುಟುಕು ನೀರು ಕುಡಿದಳು.

ಡಾರಾ ಎರಡು ವರ್ಷದಿಂದ ಐರ್ಲೆಂಡಿನ ಉದ್ದಗಲಕ್ಕೂ ಓಡಾಡಿ ವಯಸ್ಸಾದ ಚಿತ್ರ ನಿರ್ದೇಶಕರನ್ನು ಮಾತಾಡಿಸುತ್ತಿದ್ದ. ಕೆಲಸ ಕಲಿತದ್ದು ಹೇಗೆ, ಯಾವ ಚಿತ್ರ ಕೈಹಿಡಿಯಿತು, ಯಾವುದು ಮುಳುಗಿಸಿತು ಎಂದೆಲ್ಲ ಕೇಳಿ ಧ್ವನಿಮುದ್ರಿಸಿಕೊಂಡು ರೇಡಿಯೋದಲ್ಲಿ ಹಾಕುತ್ತಿದ್ದ. ಆಗುವುದಾದರೆ ಚಿತ್ರ ತೆಗೆದ ಊರಿನಲ್ಲೇ, ಊರವರ ಎದುರಿಗೇ ಮಾತುಕತೆ ಆಗಬೇಕೆಂಬುದು ಅವನ ಹಟ. ಈಥ್ನಾ ಮಲ್‌ಕೆರಿನ್ ತನ್ನ ಎಪ್ಪತ್ತು ವರ್ಷದ ಬಾಳಿನಲ್ಲಿ ಏಳು ಸಾಕ್ಷ್ಯಚಿತ್ರ ಮಾಡಿದ್ದಳು. ಜನ ನೆನಪಿಟ್ಟುಕೊಂಡದ್ದು ಒಂದನ್ನು. ಅದು ಇದೇ ಕಿಲ್‌ವೋರಾದಲ್ಲಿ, ಈ ಸಭಾಂಗಣದಿಂದ ಅರ್ಧ ಮೈಲಿ ಆಚೆ, ಮೂವತ್ತಾರು ವರ್ಷದ ಹಿಂದೆ ತೆಗೆದದ್ದು. ಆಮೇಲೆ ಅವಳು ಈ ಊರಿಗೆ ಬಂದದ್ದು ಇವತ್ತೇ.

ಆ ಅಕ್ಟೋಬರಿನಲ್ಲಿ ನಾಲ್ಕು ಮಂದಿ ಹೋದ ಮೀನುಗಾರಿಕೆ ದೋಣಿ ವಾಪಸ್ಸು ಬಂದಿರಲಿಲ್ಲ. ಈಥ್ನಾ ಮತ್ತು ಅವಳ ಕ್ಯಾಮೆರಾಮನ್ ಟೈಗ್ ಡಬ್ಲಿನ್ನಿನಿಂದ ಬಂದು, ಕಾಯುತ್ತಿದ್ದ ಮನೆಗಳಲ್ಲಿ ಕೂತು, ಚಹಾ ಕುಡಿದು, ಜಪಮಾಲೆಯ ಹೊತ್ತಿಗೆ ತಾವೂ ಮೊಣಕಾಲೂರಿ ಎಲ್ಲರ ವಿಶ್ವಾಸ ಗಳಿಸಿದ್ದರು. ದೋಣಿ ಹೋದ ಹನ್ನೊಂದನೆಯ ದಿನ ಬೆಳಗ್ಗೆ ಬಾಬೀನಳ ಗಂಡ ಫೆಸ್ಟಿಯ ಹೆಣ ಕಲ್ಲುದಂಡೆಗೆ ಬಂತು. ಉಳಿದ ಮೂವರು ಸಿಗಲೇ ಇಲ್ಲ. ಚಿತ್ರದಲ್ಲಿ ಆ ಬೆಳಗ್ಗೆ ನಾಲ್ಕು ನಿಮಿಷ ಬರುತ್ತದೆ. ಅಡುಗೆಮನೆಯ ಕಿಟಕಿಯ ಚೌಕಟ್ಟಿನೊಳಗೆ ಬಾಬೀನ್ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಾಳೆ. ನಾದುತ್ತಾಳೆ, ಮಗುಚುತ್ತಾಳೆ, ಮತ್ತೆ ನಾದುತ್ತಾಳೆ. ಸುದ್ದಿ ಬಂದು ಅರ್ಧ ಗಂಟೆಯಾಗಿದೆ. ಆಮೇಲೆ ನಿಧಾನ ಬಗ್ಗಿ, ಮಗುವಿನ ಪಕ್ಕ ಮಲಗುವವಳ ಹಾಗೆ, ಆ ಹಿಟ್ಟಿನ ಮುದ್ದೆಯ ಮೇಲೆ ಕೆನ್ನೆ ಇಟ್ಟುಬಿಡುತ್ತಾಳೆ. ಅವಳು ತಲೆಯೆತ್ತುವುದರೊಳಗೆ ದೃಶ್ಯ ಮುಗಿಯುತ್ತದೆ.

ಚಿತ್ರವನ್ನು ಹೊರದೇಶಗಳಲ್ಲೂ ತೋರಿಸಿದರು. ಯಾವನೋ ವಿಮರ್ಶಕ, ಕ್ಯಾಮೆರಾ ಒಳಗೆ ಹೋಗದೆ ಹೊರಗೇ ನಿಂತದ್ದನ್ನು ಹೊಗಳಿ, ಅದನ್ನು "ಗೌರವದ ದೂರ" ಎಂದು ಕರೆದ. ಆ ಮಾತು ಉಳಿದುಕೊಂಡಿತು. ಈಥ್ನಾ ಹದಿನೆಂಟು ವರ್ಷ ಚಲನಚಿತ್ರ ಕಲಿಸುವ ಕಾಲೇಜಿನಲ್ಲಿ ಪಾಠ ಮಾಡಿದಳು. ಪ್ರತಿ ವರ್ಷವೂ ಆ ನಾಲ್ಕು ನಿಮಿಷ ತೋರಿಸಿ, ಅದೇ ಮಾತನ್ನು ತನ್ನದೆನ್ನುವಂತೆ ಹೇಳಿದಳು. ಬಾಬೀನ್ ಸತ್ತು ಮೂರು ವರ್ಷವಾಗಿತ್ತು. ಈಥ್ನಾ ಮಣ್ಣಿಗೆ ಬರಲಿಲ್ಲ. ಒಂದು ಕಾರ್ಡು ಕಳಿಸಿದ್ದಳು.

ಮೊದಲ ಅರ್ಧ ಗಂಟೆ ಮಾತು ಸಲೀಸಾಗಿ ಸಾಗಿತು. ಈಥ್ನಾ ತಾನು ಮದುವೆ ಫೋಟೋ ತೆಗೆಯುವವನ ಹತ್ತಿರ ಕೆಲಸಕ್ಕಿದ್ದು, ಒಂದು ಸಲ ಮದುಮಗನನ್ನೇ ಬಿಟ್ಟು ಅವನ ತಮ್ಮನ ಫೋಟೋಗಳನ್ನೆಲ್ಲ ತೆಗೆದು ಬೈಸಿಕೊಂಡದ್ದನ್ನು ಹೇಳಿದಾಗ ಜನ ನಕ್ಕರು. ಹೆಂಗಸೆಂದು ಕ್ಯಾಮೆರಾ ಮುಟ್ಟಲು ಬಿಡದ ಟಿವಿ ಕಚೇರಿಯ ಕಥೆಗೆ ಹೆಂಗಸರು ತಲೆದೂಗಿದರು. ಆಮೇಲೆ ಡಾರಾ ದೀಪ ಆರಿಸಿ ಆ ನಾಲ್ಕು ನಿಮಿಷ ತೋರಿಸಿದ. ಈಥ್ನಾ ಪರದೆಯತ್ತ ತಿರುಗಲಿಲ್ಲ. ಜನರ ಮುಖದ ಮೇಲಿನ ಬೆಳಕು ನೋಡುತ್ತ ಕೂತಳು. ಊನಾ ಆ ನಾಲ್ಕು ನಿಮಿಷವೂ ಬೆನ್ನು ತಿರುಗಿಸಿಕೊಂಡು, ಒಂದೇ ಕಪ್ಪನ್ನು ಒರೆಸುತ್ತಿದ್ದಳು.

ದೀಪ ಹತ್ತಿತು. ಡಾರಾ ಕೇಳಿದ. "ನೀವು, ಟೈಗ್ ಇಬ್ಬರೂ ಹೊರಗೇ ನಿಂತ್ರಿ. ಆ ತೀರ್ಮಾನ ಹೇಗೆ ಬಂತು, ಈಥ್ನಾ?"

ಅವಳು ಬಾಯಿ ತೆರೆದಳು. ಉತ್ತರ ಬಾಯಿಪಾಠವಾಗಿತ್ತು. "ಕೆಲವು ದುಃಖ ಇರುತ್ತೆ, ಅದರ ಹತ್ತಿರ ಹೋಗೋ ಹಕ್ಕು ನಮಗಿಲ್ಲ. ಆವಾಗ..." ಅಲ್ಲಿಗೆ ನಿಂತಳು. ಹಿಂದೆ ಕಪ್ಪು ಒರೆಸುವ ಕೈಯೂ ನಿಂತಿತ್ತು. ಊನಾ ಈಗ ಈ ಕಡೆ ತಿರುಗಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಉತ್ತರ ಏನು ಬರುತ್ತದೆಂದು ಕಾಯುವವಳ ಹಾಗಿದ್ದಳು.

"ಇಲ್ಲ," ಎಂದಳು ಈಥ್ನಾ. "ಅದು ಹಾಗಲ್ಲ. ನಾನು ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದು ಸುಳ್ಳು."

ಯಾರೋ ಕೆಮ್ಮಿದರು.

"ನಾವು ಬಾಗಿಲಿಗೆ ಹೋದ್ವಿ. ಬಾಬೀನ್ ಅರ್ಧ ಬಾಗಿಲು ತೆಗೆದು, 'ಇವತ್ತು ಬೇಡಮ್ಮಾ' ಅಂದ್ಲು. ಅಷ್ಟೇ. ಸಿಟ್ಟು ಮಾಡ್ಕೊಳ್ಲಿಲ್ಲ. ನಾನು 'ಆಯ್ತು' ಅಂದೆ. ಬಾಗಿಲು ಹಾಕಿದ್ಲು. ರಸ್ತೆಗೆ ಬಂದು ಕಾರಲ್ಲಿ ಕೂತ್ವಿ. ಅಲ್ಲಿಂದ ಕಿಟಕಿ ಕಾಣ್ತಿತ್ತು. ಟೈಗ್‌ಗೆ ಉದ್ದ ಲೆನ್ಸ್ ಹಾಕು ಅಂದೆ. ಅವನು 'ಬೇಡ, ಹೋಗೋಣ' ಅಂದ. ನಾನು ಎರಡನೇ ಸಲ ಹೇಳ್ದೆ." ಅವಳ ಧ್ವನಿ ನಡುಗಲಿಲ್ಲ, ಅದೇ ಅವಳಿಗೆ ಅಸಹ್ಯವೆನ್ನಿಸಿತು. "ದೂರ ಇದ್ದಿದ್ದು ಗೌರವಕ್ಕಲ್ಲ. ಬಾಗಿಲು ಹಾಕಿತ್ತು, ಅದಕ್ಕೆ."

ಡಾರಾನ ಕಿವಿ ಕೆಂಪಾಗಿತ್ತು. ಕೈಯಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ಮಗುಚಿದ, ಮತ್ತೆ ಮೊದಲಿನಂತೆ ಇಟ್ಟ. "ಆದ್ರೂ... ಆ ದೃಶ್ಯ ಇಲ್ದೇ ಇದ್ದಿದ್ರೆ ಈ ಊರಿನ ದುಃಖ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?"

"ನಮಗೆ ಗೊತ್ತಿತ್ತಲ್ಲಪ್ಪಾ," ಎಂದಿತು ಎರಡನೆಯ ಸಾಲಿನಿಂದ ಒಂದು ದನಿ.

ಮಾರ್ಕಸ್ ಎಂಬ ಮುದುಕ. ಎಂಬತ್ತರ ಮೇಲಾಗಿತ್ತು, ಅದೇ ದೋಣಿಯಲ್ಲಿ ಅವನ ಅಣ್ಣ ಹೋಗಿದ್ದ. ಎದ್ದು ನಿಲ್ಲಲು ಹೊರಟು, ಕೈಲಾಗದೆ ಕೂತೇ ಮಾತಾಡಿದ. "ನೋಡಮ್ಮಾ, ನೀನು ಈಗ ಹೇಳಿದ್ದೂ ನಮಗೆ ಗೊತ್ತಿದ್ದಿದ್ದೇ. ನಿನ್ನ ಹಳದಿ ಕಾರು ರಸ್ತೆ ಮಧ್ಯ ನಿಂತಿತ್ತು. ಹೆಣ ತರೋರು ನಾವು ಅದನ್ನ ಸುತ್ತಿ ಹೋಗ್ಬೇಕಾಯ್ತು."

ಈಥ್ನಾಳಿಗೆ ಅದು ನೆನಪಿರಲಿಲ್ಲ. ಕಾರು ಹಳದಿಯಾಗಿದ್ದದ್ದು ನಿಜ.

"ಮತ್ತೆ ಯಾಕೆ... ಯಾರೂ ಒಂದು ಮಾತು ಕೇಳ್ಲಿಲ್ಲ?"

"ಕೇಳೋದು ಯಾರನ್ನ? ನೀನು ಈ ಕಡೆ ತಲೆ ಹಾಕಿದ್ರೆ ತಾನೆ! ರೇಡಿಯೋನ ಕೇಳೋಣ್ವಾ, ಟಿವಿನ ಕೇಳೋಣ್ವಾ?" ಒಂದಿಬ್ಬರು ನಕ್ಕರು. ಮಾರ್ಕಸ್ ನಗಲಿಲ್ಲ. "ಬಂದಿದ್ದೀಯ. ಹೇಳಿದ್ದೀಯ. ಆಯ್ತು. ಚಹಾ ತಣ್ಣಗಾಗುತ್ತೆ, ಏಳ್ರಪ್ಪಾ."

ಮಾತುಕತೆ ಅಲ್ಲಿಗೆ ಮುಗಿಯಿತು. ಡಾರಾ ಯಂತ್ರ ನಿಲ್ಲಿಸಿ, ಮೈಕು ಬಿಚ್ಚುತ್ತ ತಗ್ಗಿದ ದನಿಯಲ್ಲಿ ಹೇಳಿದ. "ಕೊನೇ ಭಾಗ ತೆಗೆದುಬಿಡ್ಬಹುದು. ನಿಮ್ಮ ಇಷ್ಟ."

"ಒಂದು ಅಕ್ಷರ ಮುಟ್ಟಬೇಡ."

ಜನ ಅವಳನ್ನು ಬಿಟ್ಟು ದೂರ ಸರಿಯಲಿಲ್ಲ, ಮುತ್ತಿಕೊಳ್ಳಲೂ ಇಲ್ಲ. ಒಬ್ಬಾಕೆ ತಟ್ಟೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಂದುಕೊಟ್ಟು, ಡಬ್ಲಿನ್ನಿನಿಂದ ಬರುವಾಗ ರಸ್ತೆ ಹೇಗಿತ್ತೆಂದು ವಿಚಾರಿಸಿದಳು. ಊನಾ ಮಾತ್ರ ಕಾಣಲಿಲ್ಲ. ಈಥ್ನಾ ತಟ್ಟೆ ಹಿಡಿದುಕೊಂಡೇ ಹಿಂಬದಿಯ ಅಡುಗೆಕೋಣೆಗೆ ಹೋದಳು. ಊನಾ ತೊಟ್ಟಿಯ ಮುಂದೆ ನಿಂತು, ಅಂಗಿಯ ತೋಳು ಮೇಲೆ ಮಡಚಿ, ಬಿಸಿನೀರಿನಲ್ಲಿ ಕಪ್ಪು ತೊಳೆಯುತ್ತಿದ್ದಳು.

"ನಾನು ಒರೆಸ್ಲಾ?"

ಊನಾ ಹೆಗಲ ಮೇಲಿನ ಬಟ್ಟೆ ತೆಗೆದುಕೊಟ್ಟಳು. ಈಥ್ನಾ ತಟ್ಟೆಯನ್ನು ಬದಿಗಿಟ್ಟು, ಏಳೆಂಟು ಕಪ್ಪು ಒರೆಸಿ ಸಾಲಾಗಿ ಜೋಡಿಸಿದಳು.

"ಕ್ಷಮಿಸಿ ಅಂತ ಹೇಳೋಕೆ ಬಂದೆ," ಎಂದಳು ಈಥ್ನಾ. "ಯಾರಿಗೆ ಹೇಳ್ಬೇಕಿತ್ತೋ ಅವರು ಇಲ್ಲ."

"ಅಮ್ಮ ನಿಮ್ಮನ್ನ ಬೈದಿದ್ದು ನಾನು ಕೇಳಿಲ್ಲ. ಟಿವೀಲಿ ಅದು ಬಂದ್ರೆ ಎದ್ದು ಹಿತ್ತಲಿಗೆ ಹೋಗೋಳು. ಮುಗಿದ್ಮೇಲೆ ಬರೋಳು." ಊನಾ ಕಪ್ಪಿನ ಒಳಗಿನ ಕಲೆಯನ್ನು ಉಗುರಿನಿಂದ ಉಜ್ಜಿದಳು. "ನಾನು ನಿಮ್ಮನ್ನ ಬೇರೆ ಒಂದು ಕೇಳ್ಬೇಕು. ಡಾರಾ ಕಾರ್ಯಕ್ರಮ ಮಾಡ್ಲಾ ಅಂದಾಗ ಒಪ್ಕೊಂಡಿದ್ದೇ ಅದಕ್ಕೆ. ಎಲ್ಲರ ಮುಂದೆ ಕೇಳೋಕೆ ಆಗ್ಲಿಲ್ಲ."

"ಕೇಳಿ."

"ನಂಗಾವಾಗ ಒಂಬತ್ತು ವರ್ಷ. ಅಡುಗೆಮನೇಲೇ ಇದ್ದೆ, ಒಲೆ ಹತ್ರ. ಅಮ್ಮ ನಂಗೆ ಹೇಳಿದ್ಲು, 'ಹೋಗು, ಕಿಟಕಿ ಪರದೆ ಎಳಿ' ಅಂತ. ನಾನು ಹೋದೆ. ನಿಮ್ಮ ಕಾರು ನೋಡಿದೆ. ಕ್ಯಾಮೆರಾ ನೋಡಿದೆ." ನೀರಿನೊಳಗೆ ಅವಳ ಕೈ ನಿಂತಿತು. "ಎಳೀಲಿಲ್ಲ. ಟಿವೀಲಿ ಬರ್ತೀನಿ ಅಂತ ಆಸೆ. ಅಪ್ಪನ ಹೆಣ ದಾರೀಲಿದೆ, ನಂಗೆ ಟಿವಿ ಆಸೆ. ನಾನು ಪರದೆ ಎಳೆದಿದ್ರೆ ಅಮ್ಮನ ಆ ಮುಖ ಊರೂರು ನೋಡ್ತಿರಲಿಲ್ಲ, ಅಲ್ವಾ? ಮೂವತ್ತಾರು ವರ್ಷದಿಂದ ಇದನ್ನ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ ಹೇಳಿಲ್ಲ."

ಈಥ್ನಾ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

ಅವಳಿಗೆ ಆ ಮಗು ಚೆನ್ನಾಗಿ ನೆನಪಿತ್ತು. ಸಂಕಲನದ ಮೇಜಿನ ಮುಂದೆ ಕೂತು, ಅವಳು ಆ ಮಗುವನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದಳೆಂಬುದಕ್ಕೆ ಲೆಕ್ಕವಿರಲಿಲ್ಲ. ಆಮೇಲೆ ಕತ್ತರಿಸಿದ್ದಳು.

"ಊನಾ, ನನ್ನ ಮಾತು ಸರಿಯಾಗಿ ಕೇಳು," ಎಂದಳು. ಬಹುವಚನ ತಾನಾಗಿ ಬಿಟ್ಟುಹೋಗಿತ್ತು. "ನೀನು ಕಿಟಕಿಗೆ ಬಂದಿದ್ದು ಆಮೇಲೆ. ನಿನ್ನಮ್ಮ ಹಿಟ್ಟಿನ ಮೇಲಿಂದ ತಲೆ ಎತ್ತಿದ್ಲು, ಕಾರು ಕಂಡ್ಲು, ಆಗ ನಿಂಗೆ ಹೇಳಿದ್ಲು. ನೀನು ಬರೋ ಹೊತ್ತಿಗೆ ನಮಗೆ ಬೇಕಾಗಿದ್ದು ಆಗ್ಲೇ ಸಿಕ್ಕಿತ್ತು. ನೀನು ಪರದೆ ಎಳೆದಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ."

"ಸಮಾಧಾನಕ್ಕೆ ಹೇಳ್ಬೇಡಿ."

"ಸಮಾಧಾನಕ್ಕೆ ಸುಳ್ಳು ಹೇಳೋ ಕೆಲಸ ಇವತ್ತು ಬಿಟ್ಟೆ. ಆ ತುಂಡು ನನ್ನ ಹತ್ರ ಇದೆ. ಮನೇಲಿ, ಡಬ್ಬೀಲಿ. ನಲವತ್ತು ಸೆಕೆಂಡು. ಎಸೆಯೋಕೆ ಆಗ್ಲಿಲ್ಲ, ಯಾರಿಗೂ ತೋರಿಸೋಕೂ ಆಗ್ಲಿಲ್ಲ."

ಊನಾ ಒದ್ದೆ ಕೈಯಲ್ಲೇ ತಿರುಗಿ ನಿಂತಳು. ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಅದರಲ್ಲಿ ನಾನು ಏನ್ ಮಾಡ್ತೀನಿ?"

"ನಗ್ತೀಯ. ಕೈ ಬೀಸ್ತೀಯ."

ಊನಾ ಕಣ್ಣು ಮುಚ್ಚಿಕೊಂಡಳು.

"ಆಮೇಲೆ ನಿನ್ನಮ್ಮ ಹಿಂದಿನಿಂದ ಬರ್ತಾಳೆ. ಬೈಯಲ್ಲ. ಒಂದು ಕೈ ನಿನ್ನ ತಲೆ ಮೇಲೆ ಇಡ್ತಾಳೆ. ಕೈ ತುಂಬ ಹಿಟ್ಟು. ನಿನ್ನ ಮುಖ ತನ್ನ ಹೊಟ್ಟೆ ಕಡೆ ತಿರುಗಿಸ್ಕೊಳ್ತಾಳೆ. ಆಮೇಲೆ ನೆಟ್ಟಗೆ ನಮ್ಮನ್ನ ನೋಡ್ತಾಳೆ. ಎಷ್ಟೋ ಹೊತ್ತು ನೋಡಿದ ಹಾಗೆ ಇರುತ್ತೆ. ಪರದೆ ಎಳೆದಿದ್ದು ಅವಳೇ."

ಹೊರಗೆ ಕುರ್ಚಿ ಮಡಚುವ ಸದ್ದು ಶುರುವಾಗಿತ್ತು. ಊನಾ ಕಣ್ಣು ತೆರೆದಳು.

"ಅದನ್ನ ಯಾಕೆ ಹಾಕ್ಲಿಲ್ಲ ನೀವು?"

"ಹಾಕಿದ್ರೆ ಅವಳು ನಮ್ಮನ್ನ ನೋಡಿದ್ಲು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು."

ಊನಾ ಮೆಲ್ಲಗೆ ತಲೆಯಾಡಿಸಿದಳು. ಒಪ್ಪಿದ್ದಕ್ಕೋ, ಕೇಳಿಸಿತು ಎನ್ನುವುದಕ್ಕೋ, ಈಥ್ನಾಳಿಗೆ ತಿಳಿಯಲಿಲ್ಲ. ಊನಾ ಅಂಗೈ ಒರೆಸಿಕೊಂಡು, ತೊಟ್ಟಿಯ ಬಿರಡೆ ಕಿತ್ತಳು. ನೀರು ಇಳಿದು ಹೋಗುವವರೆಗೂ ಅದನ್ನೇ ನೋಡಿದಳು.

"ಕಳಿಸ್ಬೇಡಿ," ಎಂದಳು ಕೊನೆಗೆ. "ಅಂಚೇಲಿ ಗಿಂಚೇಲಿ ಕಳಿಸ್ಬೇಡಿ. ನೀವೇ ತಗೊಂಡು ಬನ್ನಿ. ಮನೆಗೇ ಬನ್ನಿ. ಅದೇ ಮನೆ, ಈಗ ನಾವಿರೋದು."

"ಬರ್ತೀನಿ."

"ಯಾವಾಗ?"

"ಬರೋ ಭಾನುವಾರ."

"ಭಾನುವಾರ ಬೇಡ, ಅವತ್ತು ಮಕ್ಕಳೆಲ್ಲ ಇರ್ತಾರೆ. ಮಂಗಳವಾರ ಬನ್ನಿ. ಮಧ್ಯಾಹ್ನ ನಾನೊಬ್ಬಳೇ ಇರ್ತೀನಿ."

ಕೋಣೆಯ ಮೂಲೆಯಲ್ಲಿ ಚಹಾದ ದೊಡ್ಡ ಹಂಡೆ ಇನ್ನೂ ಅರ್ಧ ತುಂಬಿತ್ತು. ಊನಾ ಅದರ ಒಂದು ಹಿಡಿ ಹಿಡಿದು ಈಥ್ನಾಳ ಮುಖ ನೋಡಿದಳು. ಈಥ್ನಾ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ, ಹಿಂಬಾಗಿಲ ಮೆಟ್ಟಿಲು ಇಳಿದು, ಕಲ್ಲುಗೋಡೆಯ ಪಕ್ಕದ ಜಲ್ಲಿಯ ಮೇಲೆ ಅದನ್ನು ಬಗ್ಗಿಸಿದರು. ಗಾಳಿ ಇರಲಿಲ್ಲ. ಕಂದು ನೀರು ಕಲ್ಲುಗಳ ಸಂದಿಯಲ್ಲಿ ಇಂಗಿತು. ನೆಲದಿಂದ ಬಿಳಿ ಹಬೆ ಎದ್ದು, ಅವರ ಮೊಣಕಾಲು ದಾಟಿ, ಸೊಂಟದವರೆಗೆ ಬಂತು. ಹಂಡೆ ಖಾಲಿಯಾಗಿತ್ತು. ಇಬ್ಬರೂ ಹಿಡಿ ಬಿಡದೆ ಅಲ್ಲೇ ನಿಂತಿದ್ದರು.